ಸಿಡಿಲು ಎಷ್ಟು ದೂರದಲ್ಲಿದೆ?



ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ ಸಂಜೆ ಹೊತ್ತು ಮೋಡ ಕಟ್ಟುವುದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಮಧ್ಯಾಹ್ನದ ತನಕ ಉರಿಬಿಸಿಲು. ಮೂರು ಗಂಟೆಯಾಗುತ್ತಲೇ ಒಂದು ಮೂಲೆಯಲ್ಲಿ ಹೂಕೋಸಿನಂತೆ ಬೆಳ್ಳನೆಯ ಮೋಡ ಏಳುತ್ತದೆ. ನೋಡನೋಡುತ್ತಿದ್ದಂತೆ ಅದರ ಅಡಿ ಕಪ್ಪಾಗುತ್ತದೆ, ಧೂಳುಗಾಳಿ ಬೀಸುತ್ತದೆ, ಮಿಂಚು ಹೊಡೆಯುತ್ತದೆ. ಇದು ಕಣ್ಣಿಗೆ ಹಬ್ಬವೂ ಹೌದು, ಎದೆಗೆ ನಡುಕವೂ ಹೌದು. ದೂರದ ಸೀಮೆಯ ಮೇಲೆ ರಾತ್ರಿ ಸದ್ದಿಲ್ಲದೆ ಹೊಳೆಯುವ ಮಿಂಚನ್ನು ಜಗಲಿಯಲ್ಲಿ ಕುಳಿತು ಎಷ್ಟು ಹೊತ್ತಾದರೂ ನೋಡಬಹುದು. ಅದೇ ಮಿಂಚು ನಮ್ಮ ಹೊಲದ ಕಡೆಗೆ ಬಂದಾಗ ಮಾತ್ರ ನೋಡುತ್ತ ನಿಲ್ಲತಕ್ಕದ್ದಲ್ಲ. ಹಾಗಾದರೆ ಎಷ್ಟು ದೂರವಿದ್ದರೆ ಕ್ಷೇಮ? ಇದನ್ನು ಅಳೆಯಲು ಯಾವ ಯಂತ್ರವೂ ಬೇಕಿಲ್ಲ. ಕಣ್ಣು, ಕಿವಿ, ಎಣಿಸುವ ಬಾಯಿ ಇದ್ದರೆ ಸಾಕು.

2022ನೆಯ ಇಸವಿಯೊಂದರಲ್ಲೇ ನಮ್ಮ ದೇಶದಲ್ಲಿ 2,887 ಮಂದಿ ಸಿಡಿಲಿಗೆ ಬಲಿಯಾದರೆಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ ಹೇಳುತ್ತದೆ. ಆ ವರ್ಷ ಪ್ರಕೃತಿಯ ಕೋಪದಿಂದ ಸತ್ತವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ ಇವರೇ. ಹೀಗೆ ಸಾಯುವವರಲ್ಲಿ ಹೆಚ್ಚಿನವರು ಹಳ್ಳಿಯವರು. ಹೊಲದಲ್ಲಿದ್ದವರು, ದನ ಮೇಯಿಸುತ್ತಿದ್ದವರು, ಮಳೆ ಬಂತೆಂದು ಮರದಡಿಗೆ ಓಡಿದವರು.

ಮೋಡದೊಳಗೆ ನಡೆಯುವುದೇನೆಂದರೆ, ಕಾದ ನೆಲದಿಂದ ತೇವದ ಗಾಳಿ ರಭಸವಾಗಿ ಮೇಲೇರಿ, ಹತ್ತು ಹದಿನೈದು ಕಿಲೋಮೀಟರ್ ಎತ್ತರದವರೆಗೂ ಮೋಡವಾಗಿ ಬೆಳೆಯುತ್ತದೆ. ಅಲ್ಲಿ ಮಂಜಿನ ಹರಳುಗಳೂ ಸಣ್ಣ ಆಲಿಕಲ್ಲುಗಳೂ ಒಂದಕ್ಕೊಂದು ತಾಕಿ ವಿದ್ಯುತ್ತು ಹುಟ್ಟುತ್ತದೆ. ಅದು ಬೇಕಾದಷ್ಟು ಕೂಡಿಕೊಂಡಾಗ ನೆಲದ ಕಡೆಗೆ ದಾರಿ ಹುಡುಕುತ್ತ ಇಳಿಯುತ್ತದೆ. ನೆಲದ ಮೇಲೆ ತಲೆಯೆತ್ತಿ ನಿಂತ ತೆಂಗು, ಹುಣಿಸೆ, ಗೋಪುರ, ಬಯಲಿನಲ್ಲಿ ಒಬ್ಬನೇ ನಿಂತ ಮನುಷ್ಯ, ಇವು ಅದಕ್ಕೆ ಸಮೀಪದ ದಾರಿ. ಸಿಡಿಲು ಹಾಯುವ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್ಸಿನಷ್ಟು ಕಾಯುತ್ತದೆ. ಸೂರ್ಯನ ಮೈಗಿಂತ ಐದು ಪಟ್ಟು. ಹೀಗೆ ಕಾದ ಗಾಳಿ ಒಮ್ಮೆಲೇ ಹಿಗ್ಗಿ ಒಡೆಯುವ ಸದ್ದೇ ಗುಡುಗು.

ಈಗ ಅಳತೆಯ ವಿಷಯ. ಬೆಳಕು ಕಣ್ಣಿಗೆ ಕೂಡಲೇ ಬರುತ್ತದೆ. ಸದ್ದು ಹಾಗಲ್ಲ, ಒಂದು ಕಿಲೋಮೀಟರ್ ಬರಲು ಅದಕ್ಕೆ ಸುಮಾರು ಮೂರು ಸೆಕೆಂಡು ಬೇಕು. ಮಿಂಚು ಕಂಡೊಡನೆ ‘ಒಂದು ಎತ್ತು, ಎರಡು ಎತ್ತು, ಮೂರು ಎತ್ತು’ ಎಂದು ನಿಧಾನವಾಗಿ ಎಣಿಸಿರಿ. ಒಂದೊಂದು ಎಣಿಕೆಗೂ ಹೆಚ್ಚುಕಡಿಮೆ ಒಂದು ಸೆಕೆಂಡು ಆಗುತ್ತದೆ. ಗುಡುಗು ಕೇಳಿದಾಗ ನಿಲ್ಲಿಸಿ ಮೂರರಿಂದ ಭಾಗಿಸಿರಿ. ಹದಿನೈದು ಎತ್ತು ಎಣಿಸಿದ್ದರೆ ಸಿಡಿಲು ಐದು ಕಿಲೋಮೀಟರ್ ದೂರದಲ್ಲಿ ಬಿದ್ದಿದೆ. ಮೂವತ್ತು ಎಣಿಸುವುದರೊಳಗೆ ಗುಡುಗು ಬಂದರೆ, ಅಂದರೆ ಹತ್ತು ಕಿಲೋಮೀಟರಿನೊಳಗೆ ಸಿಡಿಲಿದ್ದರೆ, ಹಿಡಿದ ಕೆಲಸ ಬಿಟ್ಟು ಮನೆ ಸೇರಬೇಕು. ‘ಹತ್ತು ಕಿಲೋಮೀಟರ್ ಎಂದರೆ ಪಕ್ಕದ ಹೋಬಳಿ, ನಮ್ಮ ತಲೆಯ ಮೇಲೆ ಬಿಸಿಲೇ ಇದೆಯಲ್ಲ’ ಎಂದು ಕೆಲವರು ಹೇಳಬಹುದು. ಮೋಡದ ಮೇಲ್ಭಾಗದಿಂದ ಹೊರಟ ಸಿಡಿಲು ಅಡ್ಡಡ್ಡವಾಗಿ ಅಷ್ಟು ದೂರ ಹರಿದು, ಶುಭ್ರ ಆಕಾಶದಡಿಯ ನೆಲಕ್ಕೆ ಬಡಿಯುವುದುಂಟು. ಹಗಲಿನಲ್ಲಿ ಮಿಂಚು ಕಾಣದೆ ಗುಡುಗು ಮಾತ್ರ ಕೇಳಿದರೂ ಎಣಿಕೆಯ ಗೋಜಿಲ್ಲದೆ ಹೊರಡುವುದೇ ಜಾಣತನ.

ಮಳೆ ಹಿಂದಾದ ಮೇಲೂ ಆತುರ ಸಲ್ಲದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಬಳಿಕವೇ ಹೊಲಕ್ಕೆ ಇಳಿಯತಕ್ಕದ್ದು.

ಬಹಳ ಹತ್ತಿರದಿಂದ ನೋಡಹೋಗಿ ಪ್ರಾಣ ತೆತ್ತ ವಿದ್ವಾಂಸರೂ ಇದ್ದಾರೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನು 1752ರಲ್ಲಿ ಗಾಳಿಪಟ ಹಾರಿಸಿ ಮೋಡದಲ್ಲಿರುವುದು ವಿದ್ಯುತ್ತೇ ಎಂದು ತೋರಿಸಿದ ಕಥೆಯನ್ನು ನಿಮ್ಮ ಮಕ್ಕಳು ಶಾಲೆಯಲ್ಲಿ ಓದಿರುತ್ತಾರೆ. ಮರುವರ್ಷ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಜಾರ್ಜ್ ರಿಚ್‌ಮನ್ ಎಂಬ ಪಂಡಿತನು ಮನೆಯ ಮಾಡಿನ ಮೇಲಿಂದ ಕಬ್ಬಿಣದ ಸರಳನ್ನು ಒಳಕ್ಕೆ ಇಳಿಸಿ, ಗುಡುಗು ಬಂದಾಗ ಅಳತೆ ನೋಡಲು ಅದರ ಬಳಿ ಬಗ್ಗಿ ನಿಂತನು. ಸರಳಿನಿಂದ ಹಾರಿದ ಸಿಡಿಲು ಅವನ ಹಣೆಗೆ ಬಡಿಯಿತು, ಅಲ್ಲೇ ಸತ್ತನು.

ಮರದ ಕೆಳಗೆ ನಿಂತವನ ಗತಿಯೂ ಇದೇ. ಮರಕ್ಕೆ ಬಡಿದ ಸಿಡಿಲು ಕಾಂಡದಿಂದ ಪಕ್ಕದಲ್ಲಿರುವ ದೇಹಕ್ಕೆ ಹಾರುತ್ತದೆ. ಮನುಷ್ಯನ ಮೈ ಮರಕ್ಕಿಂತ ಒಳ್ಳೆಯ ವಾಹಕ. ಉಳಿದದ್ದು ಬೇರಿನ ಸುತ್ತ ನೆಲದಲ್ಲಿ ಹರಡುತ್ತದೆ. ದನಗಳು ಹೆಚ್ಚಾಗಿ ಸಾಯುವುದು ಈ ನೆಲದ ವಿದ್ಯುತ್ತಿನಿಂದ. ಹಸುವಿನ ಮುಂಗಾಲು ಹಿಂಗಾಲುಗಳ ನಡುವೆ ನಾಲ್ಕೈದು ಅಡಿ ಅಂತರ. ವಿದ್ಯುತ್ತು ಒಂದರಿಂದ ಹತ್ತಿ ಇನ್ನೊಂದರಿಂದ ಇಳಿಯುವಾಗ ನಡುವೆ ಗುಂಡಿಗೆ ಸಿಕ್ಕುತ್ತದೆ. ಮೈಮೇಲೆ ಗಾಯವೇ ಇಲ್ಲದೆ ಒಂದೇ ಹುಣಿಸೆಮರದಡಿ ನಾಲ್ಕಾರು ರಾಸುಗಳು ಬಿದ್ದಿರುವುದಕ್ಕೆ ಕಾರಣ ಇದು. 2016ರ ಆಗಸ್ಟಿನಲ್ಲಿ ನಾರ್ವೆ ದೇಶದ ಬೆಟ್ಟದ ಬಯಲೊಂದರಲ್ಲಿ 323 ಹಿಮಸಾರಂಗಗಳು ಒಂದೇ ಸಿಡಿಲುಮಳೆಯಲ್ಲಿ ಒಟ್ಟಿಗೆ ಸತ್ತುಬಿದ್ದವು. ಮೋಡ ಕಂಡಾಗಲೇ ದನಗಳನ್ನು ಹಟ್ಟಿಗೆ ಹೊಡೆಯಿರಿ, ಒಂಟಿ ಮರಕ್ಕೆ ಕಟ್ಟಬೇಡಿರಿ, ತಂತಿಬೇಲಿಯ ಬಳಿ ಬಿಡಬೇಡಿರಿ. ಬೇಲಿಯ ಒಂದು ತುದಿಗೆ ಬಡಿದದ್ದು ತಂತಿಯುದ್ದಕ್ಕೂ ಓಡುತ್ತದೆ.

ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳುವುದು ನಮ್ಮ ಹಿರಿಯರ ವಾಡಿಕೆ. ಧಾರಾಳವಾಗಿ ಹೇಳಿರಿ, ಆದರೆ ಮನೆಯೊಳಗೆ ಕುಳಿತು ಹೇಳಿರಿ. ಕೆಲವೆಡೆ ಅಂಗಳಕ್ಕೆ ಕಬ್ಬಿಣದ ಕತ್ತಿ ಎಸೆಯುತ್ತಾರೆ. ಸಿಡಿಲು ಹುಡುಕುವುದು ಕಬ್ಬಿಣವನ್ನಲ್ಲ, ಎತ್ತರವನ್ನು. ಕತ್ತಿ ಎಸೆಯಲು ಅಂಗಳಕ್ಕೆ ಹೋದವನಿಗೇ ಅಪಾಯ ಹೆಚ್ಚು.

ಒಳ್ಳೆಯ ಆಸರೆ ಗೋಡೆ, ಮಾಳಿಗೆ ಇರುವ ಪಕ್ಕಾ ಮನೆ. ಇಲ್ಲವೆ ಕಿಟಕಿ ಮುಚ್ಚಿದ, ತಗಡಿನ ಮೈಯ ಬಸ್ಸು, ಕಾರು. ಹೊಲದ ಗುಡಿಸಲು, ಗೋಡೆಯಿಲ್ಲದ ಚಪ್ಪರ, ಮೋಟಾರು ಸೈಕಲ್ಲು, ಮುಚ್ಚಿಗೆಯಿಲ್ಲದ ಟ್ರ್ಯಾಕ್ಟರು ಆಸರೆಯಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಆ ಹೊತ್ತಿನಲ್ಲಿ ಕೈ ಹಚ್ಚಲೇಬಾರದು. ನೀರು ಹರಿದರೆ ಹರಿಯಲಿ. ಮನೆಯೊಳಗೂ ನಲ್ಲಿ, ಕಿಟಕಿಯ ಸರಳು, ಚಾರ್ಜಿಗೆ ಹಾಕಿದ ಫೋನುಗಳಿಂದ ದೂರವಿರಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ಸಿದ್ಧಪಡಿಸಿದ ‘ದಾಮಿನಿ’ ಎಂಬ ಆಪ್ ಸಮೀಪದ ಸಿಡಿಲಿನ ಸೂಚನೆ ಕೊಡುತ್ತದೆ. ಮನೆಯ ಹುಡುಗರಿಗೆ ಹೇಳಿ ಫೋನಿಗೆ ಹಾಕಿಸಿಕೊಳ್ಳಿರಿ.

ಬಯಲಿನಲ್ಲೇ ಸಿಕ್ಕಿಬಿದ್ದರೆ ಮರ, ಕಂಬ, ನೀರು ಬಿಟ್ಟು ತಗ್ಗಿಗೆ ಸರಿಯಿರಿ. ಹಲವರಿದ್ದರೆ ದೂರದೂರ ಹಂಚಿಕೊಳ್ಳಿರಿ. ಮೈಕೂದಲು ನಿಮಿರಿ ಚರ್ಮ ಜುಮ್ಮೆಂದರೆ ಹೊಡೆತ ತೀರ ಹತ್ತಿರವಿದೆ ಎಂದರ್ಥ. ಕೂಡಲೇ ಪಾದಗಳೆರಡನ್ನೂ ಜೋಡಿಸಿ, ಕುಕ್ಕರುಗಾಲಿನಲ್ಲಿ ಕುಳಿತು, ತಲೆ ಬಗ್ಗಿಸಿ ಕಿವಿ ಮುಚ್ಚಿಕೊಳ್ಳಿರಿ. ಮಲಗಬೇಡಿರಿ. ಇದು ಬೇರೆ ದಾರಿಯಿಲ್ಲದಾಗಿನ ಉಪಾಯವೇ ಹೊರತು ಮನೆಗೆ ಸಮನಲ್ಲ.

ಸಿಡಿಲು ಬಡಿದವನನ್ನು ಮುಟ್ಟಿದರೆ ನಮಗೂ ತಗಲುತ್ತದೆಂದು ಹಿಂದೆ ಸರಿಯುವವರಿದ್ದಾರೆ. ದೇಹದಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ, ನಿರ್ಭಯವಾಗಿ ಮುಟ್ಟಬಹುದು. ಉಸಿರಾಡದೆ ಬಿದ್ದವನು ಸತ್ತನೆಂದು ಕೈಬಿಡಬೇಡಿರಿ. 108ಕ್ಕೆ ಕರೆಮಾಡಿಸಿ, ಅವನ ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ ನೂರಕ್ಕೆ ಕಡಿಮೆಯಿಲ್ಲದಂತೆ ಬಲವಾಗಿ ಒತ್ತುತ್ತಲೇ ಇರಿ. ಹಲವರು ಬಿದ್ದಿದ್ದರೆ ನರಳುವವರಿಗಿಂತ ಮೊದಲು ಸದ್ದಿಲ್ಲದೆ ಬಿದ್ದವನ ಬಳಿ ಹೋಗಿರಿ. ನರಳುವವನಿಗೆ ಉಸಿರಿದೆ.

ದನ ಸತ್ತರೆ ಹೂಳುವ ಅವಸರ ಬೇಡ. ಮೊದಲು ಪಶುವೈದ್ಯರಿಗೂ ಗ್ರಾಮ ಆಡಳಿತ ಅಧಿಕಾರಿಗಳಿಗೂ ತಿಳಿಸಿರಿ. ಮರಣೋತ್ತರ ಪರೀಕ್ಷೆ, ಮಹಜರು ಆಗದಿದ್ದರೆ ಪರಿಹಾರಕ್ಕಾಗಲಿ ವಿಮೆಗಾಗಲಿ ಅರ್ಜಿ ಹಾಕುವುದು ಕಷ್ಟವಾಗುತ್ತದೆ.