ಒಂದೇ ಹೆಸರು, ಮೂರು ಜೀವಿ!

ಮಕ್ಕಳೇ, ಮೊದಲು ಒಂದು ಒಗಟು. ‘ಡ್ಯಾಡಿ ಲಾಂಗ್‌ಲೆಗ್ಸ್’ ಎಂಬುದು ಒಂದು ಪುಟ್ಟ ಜೀವಿಯ ಇಂಗ್ಲಿಷ್ ಹೆಸರು. ‘ಉದ್ದ ಕಾಲಿನ ಅಪ್ಪ’ ಎಂದು ಅದರ ಅರ್ಥ. ಈ ಜೀವಿಯ ಚಿತ್ರ ಬರೆಯಿರಿ ಎಂದು ಇಂಗ್ಲೆಂಡ್, ಅಮೆರಿಕ ಮತ್ತು ಆಸ್ಟ್ರೇಲಿಯದ ಮಕ್ಕಳಿಗೆ ಹೇಳಿದೆವು ಎಂದುಕೊಳ್ಳಿ. ಇಂಗ್ಲೆಂಡಿನ ಹುಡುಗಿ ಆರು ಕಾಲು, ಎರಡು ರೆಕ್ಕೆ ಬರೆಯುತ್ತಾಳೆ. ಅಮೆರಿಕದ ಹುಡುಗ ಎಂಟು ಕಾಲು ಬರೆದು ನಡುವೆ ಒಂದು ಮಣಿ ಇಡುತ್ತಾನೆ. ಆಸ್ಟ್ರೇಲಿಯದ ಹುಡುಗಿ ಎಂಟು ಕಾಲಿನ ಜೊತೆಗೆ ಒಂದು ಬಲೆಯನ್ನೂ ಬರೆಯುತ್ತಾಳೆ. ಮೂರು ಚಿತ್ರಗಳೂ ಬೇರೆ ಬೇರೆ. ಆದರೆ ಯಾರ ಚಿತ್ರವೂ ತಪ್ಪಲ್ಲ! ಇದು ಹೇಗೆ ಸಾಧ್ಯ?

ಉತ್ತರ ಸರಳ. ಮೂವರೂ ಆಡುವ ಭಾಷೆ ಇಂಗ್ಲಿಷೇ. ಆದರೆ ಒಂದೊಂದು ಸೀಮೆಯಲ್ಲಿ ಆ ಹೆಸರು ಒಂದೊಂದು ಜೀವಿಗೆ ಅಂಟಿಕೊಂಡಿದೆ.

ಮೂವರು ಉದ್ದ ಕಾಲಿನವರು

1. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಈ ಹೆಸರಿನಿಂದ ಕರೆಯುವುದು ‘ಕ್ರೇನ್ ಫ್ಲೈ’ ಎಂಬ ಕೀಟವನ್ನು. ನೋಡಲು ದೊಡ್ಡ ಸೊಳ್ಳೆಯಂತಿರುತ್ತದೆ. ಇದು ನೊಣ, ಸೊಳ್ಳೆಗಳ ಸಂಬಂಧಿ. ಆದರೆ ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಇದರ ಮರಿಹುಳು ಮಣ್ಣಿನಲ್ಲಿದ್ದು ಹುಲ್ಲಿನ ಬೇರು ತಿನ್ನುತ್ತದೆ.

2. ಅಮೆರಿಕದ ಹಲವು ಕಡೆ ಈ ಹೆಸರು ‘ಹಾರ್ವೆಸ್ಟ್‌ಮನ್’ ಎಂಬ ಜೀವಿಗೆ ಸೇರಿದೆ. ಇದಕ್ಕೆ ಎಂಟು ಕಾಲು. ಜೇಡದ ದೂರದ ನೆಂಟನೇ ಹೊರತು ಜೇಡವಲ್ಲ. ಜೇಡಕ್ಕೆ ಸೊಂಟದಂಥ ಸಣ್ಣ ಭಾಗವಿದ್ದು ದೇಹ ಎರಡು ಭಾಗವಾಗಿ ಕಾಣುತ್ತದೆ. ಇದರ ದೇಹವೋ ಒಂದೇ ಮಣಿಯಂತೆ ಕೂಡಿಕೊಂಡಿದೆ. ಕಣ್ಣು ಎರಡೇ. ಇದು ಬಲೆ ನೇಯುವುದಿಲ್ಲ.

3. ಆಸ್ಟ್ರೇಲಿಯದಲ್ಲಿ ಈ ಹೆಸರು ಒಂದು ನಿಜವಾದ ಜೇಡದ್ದು. ಮನೆಯ ಮೂಲೆಗಳಲ್ಲಿ ಅಸ್ತವ್ಯಸ್ತವಾದ ಬಲೆ ಕಟ್ಟಿ ತಲೆಕೆಳಗಾಗಿ ನೇತಾಡುತ್ತದೆ. ಬಲೆಯನ್ನು ಮುಟ್ಟಿದರೆ ಗಡಗಡ ನಡುಗುತ್ತದೆ. ಇದರ ಬಳಗದ ಜೇಡಗಳು ನಮ್ಮ ಮನೆ, ಶಾಲೆಗಳ ಮೂಲೆಗಳಲ್ಲೂ ಇವೆ. ನೀವೂ ನೋಡಿರಬಹುದು.

ಗೊಂದಲದಿಂದ ಏನು ನಷ್ಟ?

‘ಹೆಸರಿನಲ್ಲೇನಿದೆ, ಯಾವುದಾದರೇನು?’ ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ. ಇಂಗ್ಲಿಷ್ ಆಡುವ ನಾಡುಗಳಲ್ಲಿ ಒಂದು ಮಾತು ಹಬ್ಬಿದೆ. ‘ಡ್ಯಾಡಿ ಲಾಂಗ್‌ಲೆಗ್ಸ್‌ಗೆ ಪ್ರಪಂಚದಲ್ಲೇ ಅತಿ ಘೋರವಾದ ವಿಷವಿದೆ. ಆದರೆ ಹಲ್ಲು ಚಿಕ್ಕದಾದ್ದರಿಂದ ಮನುಷ್ಯರನ್ನು ಕಚ್ಚಲಾರದು’ ಎಂಬುದೇ ಆ ಮಾತು. ಇದು ನಿಜವೇ?

ವಿಜ್ಞಾನ ಕಲಿಯುವವರು ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ‘ಯಾವ ಡ್ಯಾಡಿ ಲಾಂಗ್‌ಲೆಗ್ಸ್?’ ಕ್ರೇನ್ ಫ್ಲೈ ಎನ್ನುವುದಾದರೆ, ಅದಕ್ಕೆ ವಿಷವೇ ಇಲ್ಲ. ಹಾರ್ವೆಸ್ಟ್‌ಮನ್ ಎನ್ನುವುದಾದರೆ, ಅದಕ್ಕೆ ವಿಷದ ಗ್ರಂಥಿಯೇ ಇಲ್ಲ. ಮೂರನೆಯ ಜೇಡಕ್ಕೆ ಮಾತ್ರ ವಿಷವುಂಟು. ಅದು ಸಣ್ಣ ಕೀಟಗಳನ್ನೂ ಬೇರೆ ಜೇಡಗಳನ್ನೂ ಹಿಡಿಯಲು ಸಾಕು, ಮನುಷ್ಯರಿಗೆ ಅದರಿಂದ ಅಪಾಯವಿಲ್ಲ. ಹೀಗೆ ಹೆಸರನ್ನು ಬಿಡಿಸಿ ನೋಡಿದೊಡನೆ ಸುಳ್ಳು ಕಳಚಿ ಬೀಳುತ್ತದೆ. ಬಿಡಿಸದಿದ್ದರೆ ಮೂರು ಜೀವಿಗಳಿಗೂ ಇಲ್ಲದ ಅಪವಾದ!

ಇನ್ನೊಂದು ಉದಾಹರಣೆ. ಅಮೆರಿಕದ ದಕ್ಷಿಣ ಭಾಗದಲ್ಲಿ ‘ಮಸ್ಕಿಟೊ ಹಾಕ್’ ಎಂಬ ಹೆಸರಿದೆ. ‘ಸೊಳ್ಳೆ ಹಿಡಿಯುವ ಗಿಡುಗ’ ಎಂದು ಅರ್ಥ. ಕೆಲವರು ಹಾಗೆ ಕರೆಯುವುದು ಕೆರೆಯ ಬಳಿ ಹಾರುವ ಏರೋಪ್ಲೇನ್ ಚಿಟ್ಟೆಯನ್ನು. ಅದಕ್ಕೆ ಈ ಹೆಸರು ಒಪ್ಪುತ್ತದೆ, ಏಕೆಂದರೆ ಅದು ಹಾರುತ್ತಲೇ ಸೊಳ್ಳೆಗಳನ್ನು ಹಿಡಿದು ತಿನ್ನುತ್ತದೆ. ಆದರೆ ಇನ್ನು ಕೆಲವರು ಕ್ರೇನ್ ಫ್ಲೈಯನ್ನೂ ಹಾಗೆಯೇ ಕರೆಯುತ್ತಾರೆ. ಅದು ಸೊಳ್ಳೆಯನ್ನು ತಿನ್ನುವುದೇ ಇಲ್ಲ. ಹೆಸರನ್ನಷ್ಟೇ ನಂಬಿದವರು ಸೊಳ್ಳೆ ಕಡಿಮೆಯಾಗುತ್ತದೆಂದು ಸುಮ್ಮನೆ ಕಾಯಬೇಕಾದೀತು!

ಒಂದೇ ಜೀವಿ, ಹಲವು ಹೆಸರು

ಇದಕ್ಕೆ ತದ್ವಿರುದ್ಧವಾದುದೂ ಉಂಟು. ಹೊಲದಲ್ಲಿ ಸಸ್ಯಹೇನುಗಳನ್ನು ತಿಂದು ರೈತರಿಗೆ ಉಪಕಾರ ಮಾಡುವ ಗುಲಗಂಜಿ ಹುಳುವನ್ನು ನೀವು ಬಲ್ಲಿರಿ. ಇಂಗ್ಲೆಂಡಿನಲ್ಲಿ ಅದು ‘ಲೇಡಿಬರ್ಡ್’, ಅಮೆರಿಕದಲ್ಲಿ ‘ಲೇಡಿಬಗ್’. ಇಲ್ಲಿ ‘ಲೇಡಿ’ ಎಂದರೆ ಏಸುವಿನ ತಾಯಿ ಮೇರಿ. ಇಂಗ್ಲೆಂಡಿನ ನಾರ್ಫಕ್ ಸೀಮೆಯ ಹಳಬರು ಅದನ್ನು ‘ಬಿಷಿ ಬಾರ್ನಬಿ’ ಎನ್ನುತ್ತಾರೆ. ತಮಾಷೆ ಎಂದರೆ ಅದು ‘ಬರ್ಡ್’, ಅಂದರೆ ಹಕ್ಕಿಯೂ ಅಲ್ಲ. ಕೀಟವಿಜ್ಞಾನಿಗಳು ಹೇಳುವ ‘ಬಗ್’ ಕೂಡ ಅಲ್ಲ. ಅವರ ಲೆಕ್ಕದಲ್ಲಿ ‘ಬಗ್’ ಎಂದರೆ ತಿಗಣೆಯಂತೆ ಸೂಜಿಬಾಯಿಂದ ರಸ ಹೀರುವ ಕೀಟ. ಗುಲಗಂಜಿ ಹುಳು ‘ಬೀಟಲ್’ ಗುಂಪಿನದು. ಈ ಗುಂಪಿನ ಕೀಟಗಳ ಮುಂದಿನ ರೆಕ್ಕೆಗಳು ಗಟ್ಟಿ ಮುಚ್ಚಳದಂತಿರುತ್ತವೆ.

ಮಿಂಚುಹುಳುವಿನ ಕಥೆಯೂ ಹೀಗೆಯೇ. ಅಮೆರಿಕದ ಕೆಲವೆಡೆ ಅದು ‘ಫೈರ್‌ಫ್ಲೈ’, ಅಂದರೆ ಬೆಂಕಿನೊಣ. ಮತ್ತೆ ಕೆಲವೆಡೆ ‘ಲೈಟ್ನಿಂಗ್ ಬಗ್’. ನಿಜದಲ್ಲಿ ಅದು ನೊಣವೂ ಅಲ್ಲ, ಬಗ್ಗೂ ಅಲ್ಲ, ಅದೂ ಬೀಟಲ್ಲೇ. ‘ಲೈಟ್ನಿಂಗ್’ ಎಂದರೆ ಮಿಂಚು. ಸಾವಿರಾರು ಮೈಲಿ ದೂರದ ಜನರಿಗೂ ನಮ್ಮವರಿಗೂ ಆ ಹುಳುವನ್ನು ಕಂಡಾಗ ಹೊಳೆದದ್ದು ಒಂದೇ ಮಾತು!

ಒದ್ದೆ ಕಲ್ಲು ಅಥವಾ ಹೂಕುಂಡ ಎತ್ತಿದಾಗ ಕೆಳಗೆ ಬೂದು ಬಣ್ಣದ ಪುಟ್ಟ ಜೀವಿಗಳು ಓಡಾಡುವುದುಂಟು. ಕೆಲವು ಬಗೆಯವು ಮುಟ್ಟಿದರೆ ಉಂಡೆಯಾಗುತ್ತವೆ. ಇಂಗ್ಲೆಂಡಿನಲ್ಲಿ ಇದು ‘ವುಡ್‌ಲೌಸ್’, ಅಂದರೆ ಕಟ್ಟಿಗೆಹೇನು. ಅಮೆರಿಕದಲ್ಲಿ ‘ಪಿಲ್ ಬಗ್’ ಅಥವಾ ‘ರೋಲಿ ಪೋಲಿ’. ಸ್ಕಾಟ್ಲೆಂಡ್, ಆಸ್ಟ್ರೇಲಿಯಗಳಲ್ಲಿ ‘ಸ್ಲೇಟರ್’. ಇದರ ಕಾಲು ಎಣಿಸಿ: ಏಳು ಜೊತೆ, ಒಟ್ಟು 14! ಹಾಗಾದರೆ ಇದು ಹೇನೂ ಅಲ್ಲ, ಕೀಟವೂ ಅಲ್ಲ. ಏಡಿ, ಸೀಗಡಿಗಳ ಬಳಗಕ್ಕೆ ಸೇರಿದ್ದು. ಕಿವಿರಿನಂಥ ಅಂಗದಿಂದ ಉಸಿರಾಡುವುದರಿಂದಲೇ ಇದಕ್ಕೆ ತೇವ ಬೇಕು.

ಹೆಸರು ಹುಡುಕಿ ಹೊರಟವರು

ಊರೂರಿನ ಇಂಥ ಮಾತುಗಳನ್ನು ಕೂಡಿಡಲು ವಿದ್ವಾಂಸರು ಹಳ್ಳಿಹಳ್ಳಿ ಅಲೆದಿದ್ದಾರೆ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ನೇತೃತ್ವದಲ್ಲಿ 1950ರಿಂದ 1961ರವರೆಗೆ 313 ಊರುಗಳಲ್ಲಿ ಸಮೀಕ್ಷೆ ನಡೆಯಿತು. ಹೆಚ್ಚಾಗಿ ಹಳ್ಳಿಯ ವಯಸ್ಸಾದವರನ್ನೇ ಮಾತನಾಡಿಸಿದರು. ಅಮೆರಿಕದಲ್ಲಿ ಫ್ರೆಡರಿಕ್ ಕ್ಯಾಸಿಡಿ ಅವರ ತಂಡ 1965ರಿಂದ 1970ರವರೆಗೆ 1,002 ಊರುಗಳಿಗೆ ಹೋಗಿ ಸಾವಿರಕ್ಕೂ ಹೆಚ್ಚು ಪ್ರಶ್ನೆಗಳನ್ನು ಕೇಳಿತು. ಆ ಕೆಲಸದಿಂದ ಹುಟ್ಟಿದ ನಿಘಂಟಿನ ಮೊದಲ ಸಂಪುಟ 1985ರಲ್ಲಿ ಹೊರಬಂದಿತು. ಇಂಥ ಉತ್ತರಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಯಾವ ಹೆಸರು ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಎಂದು ತಿಳಿಯುತ್ತದೆ.

ವಿಜ್ಞಾನಿಗಳು ಕಂಡುಕೊಂಡ ದಾರಿ

ಹಾಗಾದರೆ ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಒಬ್ಬರಿಗೊಬ್ಬರು ಹೇಗೆ ಅರ್ಥವಾಗಬೇಕು? ಸ್ವೀಡನ್ನಿನ ಕಾರ್ಲ್ ಲಿನೇಯಸ್ ಇದಕ್ಕೆ ದಾರಿ ತೋರಿದರು. ಪ್ರತಿ ಜೀವಿಗೂ ಎರಡು ಪದಗಳ ಒಂದು ಹೆಸರು. ಮೊದಲ ಪದ ಜಾತಿಯನ್ನು, ಎರಡನೆಯದು ಪ್ರಭೇದವನ್ನು ಸೂಚಿಸುತ್ತದೆ. 1758ರಲ್ಲಿ ಪ್ರಕಟವಾದ ಅವರ ‘ಸಿಸ್ಟೆಮಾ ನ್ಯಾಚುರೆ’ ಗ್ರಂಥದ 10ನೇ ಆವೃತ್ತಿಯಿಂದ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಆರಂಭ.

ಒಂದು ಸಾಮಾನ್ಯ ಹಾರ್ವೆಸ್ಟ್‌ಮನ್‌ನ ಹೆಸರು ‘ಫಲಾಂಜಿಯಮ್ ಒಪಿಲಿಯೊ’. ಬಲೆ ಕಟ್ಟುವ ಉದ್ದಕಾಲಿನ ಜೇಡದ ಹೆಸರು ‘ಫೋಲ್ಕಸ್ ಫಲಾಂಜಿಯಾಯ್ಡಿಸ್’. ಎರಡನೆಯ ಪದದ ಅರ್ಥವೇ ‘ಫಲಾಂಜಿಯಮ್‌ನಂತೆ ಕಾಣುವ’ ಎಂದು! ಎರಡೂ ಒಂದರಂತೆ ಇನ್ನೊಂದು ಕಾಣುವುದನ್ನು ವಿಜ್ಞಾನಿಗಳೂ ಗಮನಿಸಿದ್ದರು. ಆದರೂ ಎರಡಕ್ಕೂ ಪ್ರತ್ಯೇಕ ಹೆಸರು ಕೊಟ್ಟರು.

ಹಾಗೆಂದು ಊರಿನ ಹೆಸರುಗಳು ನಿಷ್ಪ್ರಯೋಜಕವೆಂದು ತಿಳಿಯಬೇಡಿ. ಅವು ಜನ ಕಣ್ಣಾರೆ ಕಂಡದ್ದನ್ನು ಹೇಳುತ್ತವೆ: ಇದು ಹೊಳೆಯುತ್ತದೆ, ಇದು ಉಂಡೆಯಾಗುತ್ತದೆ, ಇದರ ಕಾಲು ಉದ್ದ. ಅಜ್ಜಿಯೊಡನೆ ಮಾತನಾಡಲು ಊರಿನ ಹೆಸರು ಬೇಕು. ದೂರದವರಿಗೆ ಖಚಿತವಾಗಿ ತಿಳಿಸಲು ವೈಜ್ಞಾನಿಕ ಹೆಸರು ಬೇಕು.

ಮಾಡಿ ನೋಡಿ

ಕನ್ನಡದಲ್ಲೂ ಈ ವ್ಯತ್ಯಾಸ ಇದೆ. ಮಿಂಚುಹುಳುವನ್ನು ಮಿಣುಕುಹುಳು ಎನ್ನುವವರಿದ್ದಾರೆ. ಗೋಸುಂಬೆಗೆ ಊಸರವಳ್ಳಿ ಎಂದೂ ಹೆಸರು. ಮರದ ಮೇಲೆ ಕುಳಿತು ‘ಜೀರ್’ ಎನ್ನುವ ಕೀಟ ಮಲೆನಾಡಿನಲ್ಲಿ ಜೀರುಂಡೆ. ಕೆಲವು ಪುಸ್ತಕಗಳಲ್ಲಿ ಬೀಟಲ್ ಗುಂಪಿನ ಕೀಟಗಳಿಗೂ ಅದೇ ಹೆಸರು. ನಿಮ್ಮ ಸುತ್ತಲಿನ ಐದು ಪುಟ್ಟ ಜೀವಿಗಳ ಚಿತ್ರ ಬರೆಯಿರಿ. ಮನೆಯ ಹಿರಿಯರನ್ನೂ ಬೇರೆ ಊರಿನಿಂದ ಬಂದವರನ್ನೂ ಕೇಳಿ, ಪ್ರತಿ ಚಿತ್ರದ ಕೆಳಗೆ ಅವರು ಹೇಳಿದ ಹೆಸರು ಮತ್ತು ಊರು ಬರೆಯಿರಿ. ಕಾಲು, ರೆಕ್ಕೆಗಳ ಸಂಖ್ಯೆಯನ್ನೂ ಬರೆಯಿರಿ. ಜೀವಿಗಳನ್ನು ಹಿಡಿಯಬೇಡಿ, ದೂರದಿಂದ ನೋಡಿದರೆ ಸಾಕು.

ಯೋಚಿಸಿ

ಅಮೆರಿಕದ ಹಲವೆಡೆ ‘ಗೋಫರ್’ ಎಂದರೆ ಬಿಲ ತೋಡಿ ಗಿಡದ ಬೇರು ತಿನ್ನುವ, ಇಲಿಯ ಬಳಗದ ಪ್ರಾಣಿ. ಫ್ಲಾರಿಡ ರಾಜ್ಯದಲ್ಲಿ ಅದೇ ಹೆಸರು ಬಿಲ ತೋಡುವ ಒಂದು ಆಮೆಯದು. ಆ ಆಮೆಯನ್ನು ಕೊಲ್ಲುವುದು ಅಲ್ಲಿ ಅಪರಾಧ. ‘ತೋಟಕ್ಕೆ ಗೋಫರ್ ಬಂದಿದೆ, ಏನು ಮಾಡಲಿ?’ ಎಂದು ಯಾರಾದರೂ ನಿಮ್ಮನ್ನು ಕೇಳಿದರೆ, ಉತ್ತರ ಹೇಳುವ ಮುಂಚೆ ನೀವು ಯಾವ ಪ್ರಶ್ನೆಗಳನ್ನು ಕೇಳುತ್ತೀರಿ?