ವೆನ್‌ಷಿ: ಶುಭವಾರ್ತೆಯ ಹೆಸರು ಹೊತ್ತ ನಾಡು

ಚೀನಾ ದೇಶದ ಅನೇಕ ಸ್ಥಳನಾಮಗಳು ನೆಲದ ಲಕ್ಷಣವನ್ನು ಅವಲಂಬಿಸಿ ಹುಟ್ಟಿದವು. ಷಾನ್‌ಷಿ ಎಂದರೆ ಬೆಟ್ಟದ ಪಡುವಣ ನಾಡು. ಹೆನಾನ್ ಎಂದರೆ ನದಿಯ ತೆಂಕಣ ನಾಡು. ಬೆಟ್ಟವೆಂದರೆ ತೈಹಾಂಗ್ ಶ್ರೇಣಿ, ನದಿಯೆಂದರೆ ಹಳದಿ ನದಿ. ಆದರೆ ಷಾನ್‌ಷಿ ಪ್ರಾಂತದ ನೈಋತ್ಯ ಭಾಗದಲ್ಲಿರುವ ವೆನ್‌ಷಿ ಕೌಂಟಿಯ ಹೆಸರಿನ ಹಿಂದೆ ಇರುವುದು ಒಂದು ಯುದ್ಧದ ವಾರ್ತೆ. ಕೌಂಟಿಯನ್ನು ಸ್ಥೂಲವಾಗಿ ಕನ್ನಡನಾಡಿನ ತಾಲ್ಲೂಕಿಗೆ ಹೋಲಿಸಬಹುದು.

ವೆನ್‌ಷಿಯ ಆಗ್ನೇಯಕ್ಕೆ ಝೊಂಗ್‌ಟಿಯಾವೊ ಪರ್ವತಗಳಿವೆ. ವಾಯವ್ಯಕ್ಕೆ ಎಮೆಯಿ ಎಂಬ ಎತ್ತರದ ದಿಣ್ಣೆಯಿದೆ. ಇವೆರಡರ ನಡುವಣ ಕಣಿವೆಯಲ್ಲಿ ಸುಷುಯಿ ನದಿಯು ನೈಋತ್ಯಾಭಿಮುಖವಾಗಿ ಹರಿದು ಮುಂದೆ ಹಳದಿ ನದಿಯನ್ನು ಕೂಡುತ್ತದೆ. ಯುಗಯುಗಗಳಿಂದ ಗಾಳಿ ಹೊತ್ತು ತಂದು ಸುರಿದ ಹಳದಿ ಬಣ್ಣದ ನವುರಾದ ಮಣ್ಣು ಈ ಸೀಮೆಯದು. ಗೋಧಿಯ ಬೆಳೆಗೆ ಅದು ಒಗ್ಗಿದ ನೆಲ; ಮಳೆಗೆ ಬೇಗನೆ ಕೊಚ್ಚಿಹೋಗುವ ನೆಲವೂ ಹೌದು.

ಕ್ರಿ. ಪೂ. 111ರಲ್ಲಿ ಹಾನ್ ವಂಶದ ವೂ ಚಕ್ರವರ್ತಿಯು ಪೂರ್ವದ ಕಡೆಗೆ ಪ್ರವಾಸ ಹೊರಟು ಇಲ್ಲಿಯ ಟೊಂಗ್‌ಷಿಯಾಂಗ್ ಎಂಬ ಊರನ್ನು ತಲುಪಿದ್ದನು. ದಕ್ಷಿಣದ ನಾನ್‌ಯುಯೆ ರಾಜ್ಯವು ತನ್ನ ಸೇನೆಗೆ ಸೋತಿತೆಂಬ ಸುದ್ದಿ ಅವನಿಗೆ ಮುಟ್ಟಿದ್ದು ಅಲ್ಲಿಯೇ. ಆ ರಾಜ್ಯದ ರಾಜಧಾನಿ ಪಾನ್‌ಯು, ಅಂದರೆ ಇಂದಿನ ಗುವಾಂಗ್‌ಝೌ, ಅಲ್ಲಿಂದ 1300 ಕಿ. ಮೀ.ಗೂ ಹೆಚ್ಚು ದೂರ. ಹಿಗ್ಗಿದ ಚಕ್ರವರ್ತಿ ಆ ಸ್ಥಳವನ್ನು ವೆನ್‌ಷಿ ಕೌಂಟಿಯನ್ನಾಗಿ ಮಾಡಿದನು. 'ವೆನ್' ಎಂದರೆ ಕೇಳು, 'ಷಿ' ಎಂದರೆ ಸಂತೋಷ. (ಷಾನ್‌ಷಿಯ 'ಷಿ' ಬೇರೆ ಅಕ್ಷರ, ಅದಕ್ಕೆ ಪಶ್ಚಿಮವೆಂದರ್ಥ.)

ಪ್ರವಾಸವು ಮುಂದುವರಿಯಿತು. ಆ ವಸಂತದಲ್ಲಿ ಷಿನ್‌ಝೊಂಗ್ ಎಂಬ ಊರಿನಲ್ಲಿದ್ದಾಗ, ನಾನ್‌ಯುಯೆಯ ವೃದ್ಧಮಂತ್ರಿ ಲ್ಯು ಜಿಯಾನ ತಲೆ ಅರಸನ ಕೈಸೇರಿತು. ಹಾನ್ ಸಾಮ್ರಾಜ್ಯಕ್ಕೆ ತಲೆಬಾಗಲು ಸಿದ್ಧನಾಗಿದ್ದ ತನ್ನ ಎಳೆಯ ದೊರೆಯನ್ನೇ ಕೊಲ್ಲಿಸಿ, ಬೇರೊಬ್ಬನನ್ನು ಪಟ್ಟಕ್ಕೇರಿಸಿ, ಯುದ್ಧಕ್ಕೆ ನಿಂತವನು ಈ ಮಂತ್ರಿ. ಆ ಊರಿಗೆ ಹುವೊಜಿಯಾ, ಅಂದರೆ 'ಜಿಯಾ ದೊರಕಿದನು', ಎಂಬ ಹೆಸರಾಯಿತು. ಇಂದು ಅದು ಹೆನಾನ್ ಪ್ರಾಂತದ ಒಂದು ಕೌಂಟಿ. 'ನದಿಯ ತೆಂಕಣ ನಾಡಿ'ಗೆ ಸೇರಿದ್ದರೂ ಅದು ಇರುವುದು ನದಿಯ ಬಡಗಣ ದಡದಾಚೆ! ಹೆಸರನ್ನೇ ನಂಬಿ ಭೂಪಟ ಬರೆಯುವವನಿಗೆ ಇದೊಂದು ಎಚ್ಚರಿಕೆ.

'ಜಿಯಾ' ಅಕ್ಷರಕ್ಕೆ ಒಳ್ಳೆಯದು ಎಂಬ ಅರ್ಥವೂ ಉಂಟು. ಚರಿತ್ರೆಯನ್ನರಿಯದವನು ಹುವೊಜಿಯಾ ಎಂಬುದನ್ನು 'ಒಳಿತು ದೊರಕಿದ ಊರು' ಎಂದು ಓದಿ ಸಂತುಷ್ಟನಾದಾನು. ಇಂಥ ಊಹೆಗಳನ್ನು ಒಪ್ಪದ ವಿದ್ವಾಂಸನೊಬ್ಬ ವೆನ್‌ಷಿಯಲ್ಲಿಯೇ ಹುಟ್ಟಿದನೆಂಬುದು ಸ್ವಾರಸ್ಯಕರ. ಚೀನಾದ ಭೂಪಟಶಾಸ್ತ್ರದ ಪಿತಾಮಹನೆನಿಸಿದ ಪೆಯಿ ಷಿಯು (224-271) ಈ ನಾಡಿನ ಪ್ರಸಿದ್ಧ ಪೆಯಿ ಮನೆತನದವನು. ಪ್ರಾಚೀನ ಸ್ಥಳನಾಮಗಳು ಬಹಳವಾಗಿ ಬದಲಾಗಿವೆ, ವ್ಯಾಖ್ಯಾನಕಾರರು ಬಲವಂತದ ಅರ್ಥಗಳನ್ನು ಹಚ್ಚಿ ವಿಷಯವನ್ನು ಮಸುಕುಗೊಳಿಸಿದ್ದಾರೆ ಎಂಬುದು ಅವನ ಆಕ್ಷೇಪ. ಹಳೆಯ ಗ್ರಂಥಗಳನ್ನು ಶೋಧಿಸಿ 18 ಭೂಪಟಗಳನ್ನು ರಚಿಸಿದ ಆತನು ಸಂಶಯವಿದ್ದ ಕಡೆ ಏನನ್ನೂ ಬರೆಯದೆ ಬಿಟ್ಟನು.

ನಾನ್‌ಯುಯೆ ರಾಜ್ಯದ ತೆಂಕಣ ಭಾಗ ಇಂದು ವಿಯೆಟ್ನಾಮಿಗೆ ಸೇರಿದೆ. ಅಲ್ಲಿಯ ಜನ ಲ್ಯು ಜಿಯಾನನ್ನು ಲೂ ಜಾ ಎಂದು ಕರೆಯುತ್ತಾರೆ. ಹೋ ಚಿ ಮಿನ್ ನಗರದ ಒಂದು ಬೀದಿಗೆ ಅವನ ಹೆಸರಿದೆ.