ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಹೇಗಿರಬೇಕು?

ಪ್ರಶ್ನೆ: ಅಮ್ಮನಿಗೆ 68 ವರ್ಷ. ಮೂರು ವಾರದ ಹಿಂದೆ ಬಲ ಮಂಡಿ ಬದಲಿಸುವ ಆಪರೇಷನ್ ಆಯಿತು. ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಕಾಲಿಗೆ ಯಂತ್ರದ ಪ್ಯಾಡ್ ಅಂಟಿಸಿ, ಅರ್ಧ ಗಂಟೆ ಕೂತು ಹೊರಟುಬಿಡುತ್ತಾರೆ. ಅಮ್ಮನಿಗೇನೋ ಹಿತವಾಗುತ್ತದೆ, ಆದರೆ ಮಂಡಿ ನೆಟ್ಟಗಾಗುತ್ತಿಲ್ಲ. ಇವರನ್ನೇ ಮುಂದುವರಿಸುವುದೇ?
– ಓದುಗರು, ದಾವಣಗೆರೆ

ಉತ್ತರ: ಬೇಡ, ಈ ವಾರವೇ ಬೇರೆಯವರನ್ನು ನೋಡಿ. ಆಪರೇಷನ್ ಮಾಡಿದ ವೈದ್ಯರಿಗೂ ವಿಷಯ ತಿಳಿಸಿ. ವಿದ್ಯುತ್ ಪ್ಯಾಡ್ ನೋವನ್ನು ಸ್ವಲ್ಪ ಹೊತ್ತು ತಗ್ಗಿಸಬಹುದು, ಅಷ್ಟೆ. ಮಂಡಿಯನ್ನು ನೆಟ್ಟಗೆ ಮಾಡುವುದು, ತೊಡೆಯ ಸ್ನಾಯುವಿಗೆ ಬಲ ತರುವುದು ವ್ಯಾಯಾಮ. ಮೊದಲ ವಾರಗಳು ವ್ಯರ್ಥವಾದರೆ ಒಳಗಿನ ಗಾಯದ ಅಂಗಾಂಶ ಬಿಗಿದುಕೊಂಡು ಕೀಲು ಪೆಡಸಾಗುತ್ತದೆ.

ಒಳ್ಳೆಯ ಫಿಸಿಯೋ ಚೀಲ ಬಿಚ್ಚುವ ಮೊದಲು ಹಾಸಿಗೆ ನೋಡುತ್ತಾರೆ. ನೋವು ಕಡಿಮೆಯಾಗಲೆಂದು ನಮ್ಮ ಮನೆಗಳಲ್ಲಿ ಮಂಡಿಯ ಕೆಳಗೆ ದಿಂಬು ಇಡುತ್ತೇವೆ. ಕಾಲು ಮಡಿಚಿದ ಹಾಗೇ ಉಳಿಯುವುದು ಅದರಿಂದಲೇ. ಅವರು ಆ ದಿಂಬು ತೆಗೆದು, ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗೆ ಇಡಿಸಿ, ಮಂಡಿಯನ್ನು ಕೆಳಕ್ಕೆ ಒತ್ತಿ ತೊಡೆ ಬಿಗಿಹಿಡಿಯಲು ಹೇಳುತ್ತಾರೆ. ಸ್ನಾಯು ಬಿಗಿಯುತ್ತಿದೆಯೇ ಎಂದು ಕೈಯಿಟ್ಟು ನೋಡುತ್ತಾರೆ. ಕೋನಮಾಪಕದಿಂದ ಅಳೆದು, ಕಳೆದ ವಾರ ಎಷ್ಟಿತ್ತು, ಈಗ ಎಷ್ಟಾಗಿದೆ ಎಂದು ಬರೆದಿಡುತ್ತಾರೆ. ಆರು ವಾರದ ಹೊತ್ತಿಗೆ ಸಾಮಾನ್ಯವಾಗಿ ಮಂಡಿ 90 ಡಿಗ್ರಿಗಿಂತ ಹೆಚ್ಚು ಮಡಿಚುವಂತಿರಬೇಕು. ಹಾಗೆಂದು ರೋಗಿ ಕಿರುಚುವಂತೆ ಬಲವಂತವಾಗಿ ಮಡಿಸುವುದು ಜಾಣ್ಮೆಯಲ್ಲ.

ಮನೆಯಲ್ಲಿ ಮೆಟ್ಟಿಲು ಎಷ್ಟಿವೆ, ಶೌಚಾಲಯ ಯಾವ ತರಹದ್ದು ಎಂದೂ ಅವರು ಕೇಳಬೇಕು. ಅಮ್ಮ ತಾವಾಗಿ ಎದ್ದು ಅಲ್ಲಿಗೆ ಹೋಗಿಬರುವುದೇ ತಾನೇ ಗುರಿ? ಕಲಿಸಿದ್ದನ್ನು ಅಮ್ಮನಿಂದಲೇ ಮಾಡಿಸಿ, ತಪ್ಪಿದ್ದರೆ ತಿದ್ದಿ, ದಿನಕ್ಕೆ ಎಷ್ಟು ಸಲ ಮಾಡಬೇಕೆಂದು ಹೇಳಿ ಹೊರಡಬೇಕು. ದಿನೇದಿನೇ ತಮ್ಮ ಅಗತ್ಯವನ್ನು ಕಡಿಮೆ ಮಾಡುತ್ತಾ ಹೋಗುವವರನ್ನೇ ನಾನು ನಂಬುತ್ತೇನೆ.

ಓದಿನ ಬಗ್ಗೆ ಕೇಳಲು ಸಂಕೋಚ ಬೇಡ. ಇಂಟರ್ನ್‌ಶಿಪ್ ಸೇರಿ ಹಲವು ವರ್ಷ ಓದಿ ಫಿಸಿಯೋಥೆರಪಿ ಪದವಿ (ಬಿಪಿಟಿ) ಪಡೆದವರಿಗೂ, ಮಸಾಜ್ ಕಲಿತು ಬಂದವರಿಗೂ ಬಹಳ ಅಂತರವಿದೆ.

ಇನ್ನೊಂದು ಮಾತು. ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ಆಗ ಕಾಲನ್ನು ತಿಕ್ಕಿಸಬೇಡಿ, ಅಂದೇ ವೈದ್ಯರಿಗೆ ತೋರಿಸಿ. ಜೊತೆಗೆ ಉಸಿರು ಕಟ್ಟಿದಂತಾದರೆ ಯಾರಿಗೂ ಕಾಯದೆ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.